ಒಂದೇ ಗಡಿನ ಎರಡು ಸಲ ಬರೆದು, ಮತ್ತೆ ಮೊದಲಿಂದ ಶುರು ಮಾಡಿದ ಏಳು ವಾರ

ನಿನ್ನೆ ರಾತ್ರಿ ಕೊನೇ ಫೈಲ್ ಕಳ್ಸಿ ಲ್ಯಾಪ್‌ಟಾಪ್ ಮುಚ್ಚಿದೆ. ಒಂದು ಸಣ್ಣ ಜಲಾನಯನ ಪ್ರದೇಶದ ಹಳೇ ಕಾಗದದ ನಕ್ಷೆನ ಕಂಪ್ಯೂಟರಿಗೆ ಇಳ್ಸಿ, ಅದರಲ್ಲಿರೋ ಹೊಲ, ತೋಪು, ಕೆರೆ, ದಾರಿ, ಬಾವಿ ಎಲ್ಲಾನೂ ಬೇರೆ ಬೇರೆ ಲೇಯರ್ (ಪದರ) ಮಾಡಿ, ಒಂದೊಂದು ತುಂಡಿಗೂ ವಿಸ್ತೀರ್ಣ ಹಾಕಿ ಕೊಡೋ ಕೆಲ್ಸ. ಮೂರು ವಾರದಲ್ಲಿ ಕೊಡ್ತೀನಿ ಅಂತ ನಾನೇ ಒಪ್ಕೊಂಡಿದ್ದೆ, ಹಿಡಿದಿದ್ದು ಏಳು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಟೈಮು ನಕ್ಷೆ ಬರಿಯೋಕೆ ಹೋಗ್ಲಿಲ್ಲ, ಬರ್ದಿದ್ದನ್ನ ಸರಿ ಮಾಡೋಕೆ ಹೋಯ್ತು, ಅದಕ್ಕೇ ಎಲ್ಲಾ ಮರೆಯೋದರೊಳಗೆ ಬರ್ದು ಇಡ್ತಿದೀನಿ. ಈಗ ತಾನೇ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್ ಹಾಕ್ಕೊಂಡು ಮೊದಲ ಪಾಲಿಗನ್ (ಸುತ್ತ ಗಡಿ ಇರೋ ಮುಚ್ಚಿದ ಆಕಾರ) ಬರಿಯೋಕೆ ಕೂತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಮೊದಲ ಕ್ಲಿಕ್ಕಿಗೆ ಮುಂಚೆ ಇದನ್ನ ಓದಿ.

ಸಾಫ್ಟ್‌ವೇರಿಗೆ ದುಡ್ಡಿಲ್ಲ, ಅದು ಫ್ರೀ ಮತ್ತು ಓಪನ್ ಸೋರ್ಸ್, 2002ರಲ್ಲಿ ಶುರುವಾದ ಪ್ರಾಜೆಕ್ಟು. ಖರ್ಚಾಗೋದು ನಮ್ಮ ಗಂಟೆಗಳು, ಕಣ್ಣು, ಮಣಿಕಟ್ಟು. ಟಚ್‌ಪ್ಯಾಡಲ್ಲಿ ಎರಡು ದಿನ ಒದ್ದಾಡಿ ಆಮೇಲೆ ಒಂದು ಮೌಸ್ ತಗೊಂಡೆ, ಅದನ್ನ ಮೊದಲನೇ ದಿನವೇ ಮಾಡ್ಬೇಕಿತ್ತು.

ಮೊದಲನೇ ವಾರ ಪೂರ್ತಿ ಕಾಯೋದ್ರಲ್ಲೇ ಕಳೀತು. ನಕ್ಷೆ ಇದ್ದವರು ಮೊಬೈಲಲ್ಲಿ ಫೋಟೋ ತೆಗ್ದು ಕಳ್ಸಿದ್ರು, ಅದನ್ನೇ ಇಟ್ಕೊಂಡು ಶುರು ಮಾಡೋಣ ಅನ್ನಿಸ್ತು, ಆದ್ರೆ ಫೋಟೋದಲ್ಲಿ ಅಂಚು ಬಾಗಿರತ್ತೆ, ಕಾಗದದ ಮಡಿಕೆ ಎದ್ದಿರತ್ತೆ, ಅದನ್ನ ಆಮೇಲೆ ಯಾವ ಲೆಕ್ಕದಿಂದ್ಲೂ ಪೂರ್ತಿ ನೇರ ಮಾಡೋಕಾಗಲ್ಲ. ಫ್ಲಾಟ್ ಸ್ಕ್ಯಾನ್ ಬೇಕು, 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರ್ಲಿ ಅಂತ ಕೇಳ್ಕೊಂಡೆ, ಬರೋಕೆ ಐದು ದಿನ ಆಯ್ತು. ನನ್ನದು 1:10,000 ಸ್ಕೇಲಿನ ನಕ್ಷೆ, 300 ಡಿಪಿಐ ಸ್ಕ್ಯಾನಲ್ಲಿ ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ ಸುಮಾರು 85 ಸೆಂಟಿಮೀಟರ್, ಅಷ್ಟು ಸಾಕಾಗತ್ತೆ.

ಆಮೇಲೆ ಜಿಯೋರೆಫರೆನ್ಸಿಂಗ್, ಅಂದ್ರೆ ಆ ಚಿತ್ರಕ್ಕೆ ಭೂಮಿ ಮೇಲೆ ಅದು ಎಲ್ಲಿ ಕೂರ್ಬೇಕು ಅಂತ ಹೇಳ್ಕೊಡೋದು. ನಕ್ಷೆಲಿ ಒಂದು ಜಾಗ ಕ್ಲಿಕ್ ಮಾಡಿ ಅದೇ ಜಾಗನ ಉಪಗ್ರಹ ಚಿತ್ರದಲ್ಲಿ ತೋರಿಸ್ತಾ ಹೋಗ್ಬೇಕು. ಪಾಲಿನಾಮಿಯಲ್ 1 ಅನ್ನೋ ವಿಧಾನಕ್ಕೆ ಕಡಿಮೆ ಅಂದ್ರೆ 3 ಪಾಯಿಂಟ್ ಬೇಕು ಅಂತ ಓದಿದ್ದೆ, ಮೂರು ಹಾಕ್ದೆ, ಎರರ್ ಸೊನ್ನೆ ಅಂತ ತೋರಿಸ್ತು, ನನಗೆ ತುಂಬಾ ಖುಷಿ. ಎರಡು ದಿನ ಆದ್ಮೇಲೆ ನಕ್ಷೆಯ ಇನ್ನೊಂದು ತುದಿ ನೋಡಿದ್ರೆ ದಾರಿ ಕೆರೆ ಒಳಗೆ ಹೋಗಿ ಕೂತಿದೆ. ಆವಾಗ ಅರ್ಥ ಆಗಿದ್ದು, ಮೂರೇ ಪಾಯಿಂಟ್ ಇದ್ದಾಗ ಆ ಲೆಕ್ಕ ಯಾವಾಗ್ಲೂ ಸೊನ್ನೆನೇ ಕೊಡತ್ತೆ, ಪಾಯಿಂಟ್ ತಪ್ಪು ಜಾಗದಲ್ಲಿದ್ರೂ ಸೊನ್ನೆನೇ, ಯಾಕಂದ್ರೆ ತಾಳೆ ನೋಡೋಕೆ ಹೆಚ್ಚಿನ ಪಾಯಿಂಟೇ ಇರಲ್ಲ. ಎರಡನೇ ಸಲ ಒಂಬತ್ತು ಪಾಯಿಂಟ್ ಹಾಕ್ದೆ, ನಾಲ್ಕೂ ಮೂಲೆ, ನಡು, ಅಂಚು ಎಲ್ಲಾ ಕಡೆ ಹರಡಿ. ಅದರಲ್ಲಿ ಒಂದು ಪಾಯಿಂಟಿನ ಎರರ್ ಮಾತ್ರ ಬೇರೆಯವಕ್ಕಿಂತ ಹತ್ತು ಪಟ್ಟು ಬಂತು. ನೋಡಿದ್ರೆ ಅದು ಎರಡು ದಾರಿ ಸೇರೋ ಜಾಗ, ನಕ್ಷೆ ಆದ್ಮೇಲೆ ದಾರಿನೇ ಪಕ್ಕಕ್ಕೆ ಸರ್ದಿದೆ. ಹಳೇ ಕಟ್ಟಡದ ಮೂಲೆ, ಸೇತುವೆ ಇಂಥ ಅಲ್ಲಾಡದೇ ಇರೋ ಜಾಗನ ಹುಡುಕ್ಕೊಳ್ಳಿ, ದಾರಿ ತಿರುವು, ನೀರಿನ ಅಂಚು ಬೇಡ. ಇನ್ನೊಂದು, ಹಳೇ ನಕ್ಷೆ ಮೂಲೆಲಿ ಅಚ್ಚಾಗಿರೋ ಅಕ್ಷಾಂಶ ರೇಖಾಂಶ ಹಳೇ ಡೇಟಮ್ (ಭೂಮಿ ಅಳೆಯೋಕೆ ಇಟ್ಕೊಂಡ ಆಧಾರ) ಮೇಲೆ ಇರಬಹುದು, ಅದನ್ನ ಈಗಿನ ಜಿಪಿಎಸ್ ಬಳಸೋ ಡಬ್ಲ್ಯುಜಿಎಸ್ 84 ಅಂತ ತಿಳ್ಕೊಂಡು ಹಾಗೇ ಹಾಕಿದ್ರೆ ಇಡೀ ನಕ್ಷೆ ನೂರಾರು ಮೀಟರ್ ಸರಿದು ಕೂರಬಹುದು.

ಎರಡನೇ ವಾರ ಸಿಆರ್‌ಎಸ್ ವಿಷಯ, ಅಂದ್ರೆ ನಕ್ಷೆಲಿರೋ ಅಂಕಿ ಭೂಮಿ ಮೇಲೆ ಯಾವ ಜಾಗ ಅಂತ ಹೇಳೋ ಅಳತೆ ವ್ಯವಸ್ಥೆ. ಇದನ್ನ ಎಲ್ಲರೂ ಹೇಳ್ತಾರೆ, ನಾನೂ ಓದಿದ್ದೆ, ಆದ್ರೂ ಬಿದ್ದೆ. ಹೊಸ ಲೇಯರ್ ಮಾಡುವಾಗ ಏನು ಕಾಣ್ತೋ ಅದಕ್ಕೇ ಓಕೆ ಒತ್ತಿದ್ದೆ, ಅದು 4326, ಅಂದ್ರೆ ಡಿಗ್ರಿಲಿ ಅಳೆಯೋ ವ್ಯವಸ್ಥೆ. ಹತ್ತು ತುಂಡು ಬರ್ದು ವಿಸ್ತೀರ್ಣ ತೆಗ್ದೆ, ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಅಂತ ಏನೋ ಬಂತು, ಅದು ಚದರ ಡಿಗ್ರಿ, ಯಾವ ಕೆಲಸಕ್ಕೂ ಬರಲ್ಲ. ಮೀಟರ್ ಬೇಕು ಅಂತ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಲೇಯರ್ ಸಿಆರ್‌ಎಸ್ ಅಂತ ಇತ್ತಲ್ಲ, ಅಲ್ಲಿ 3857 ಅನ್ನೋ ಮೀಟರ್ ಲೆಕ್ಕದ ಸಿಆರ್‌ಎಸ್ ಹಾಕ್ದೆ. ಲೇಯರೇ ಮಾಯ. ಜೂಮ್ ಟು ಲೇಯರ್ ಕೊಟ್ರೆ ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದ ಮಧ್ಯ ಕರ್ಕೊಂಡೋಯ್ತು, ಸೊನ್ನೆ ಅಕ್ಷಾಂಶ ಸೊನ್ನೆ ರೇಖಾಂಶದ ಪಕ್ಕದಲ್ಲಿ ನನ್ನ ಹತ್ತು ಹೊಲನೂ ಒಂದು ಚುಕ್ಕೆಯಾಗಿ ಬಿದ್ದಿದ್ವು. ಆ ಆಯ್ಕೆ ಅಂಕಿಗಳನ್ನ ಬದಲಾಯಿಸಲ್ಲ, ಅಂಕಿಗಳಿಗೆ ಅಂಟಿಸಿರೋ ಚೀಟಿ ಮಾತ್ರ ಬದಲಾಯಿಸತ್ತೆ, ಡಿಗ್ರಿಲಿದ್ದ ಅಂಕಿನ ಮೀಟರ್ ಅಂತ ಓದ್ಕೊಂಡ್ಬಿಡತ್ತೆ. ನಿಜವಾಗ್ಲೂ ಬದಲಾಯಿಸ್ಬೇಕು ಅಂದ್ರೆ ರೀಪ್ರೊಜೆಕ್ಟ್ ಲೇಯರ್ ಟೂಲ್ ಉಪಯೋಗಿಸ್ಬೇಕು, ಇಲ್ಲಾಂದ್ರೆ ಎಕ್ಸ್‌ಪೋರ್ಟ್ ಮಾಡುವಾಗ ಹೊಸ ಸಿಆರ್‌ಎಸ್ ಆರಿಸ್ಕೋಬೇಕು.

ಹಾಗಂತ 3857ನೂ ವಿಸ್ತೀರ್ಣಕ್ಕೆ ಬೇಡ, ಅದು ವೆಬ್ ನಕ್ಷೆ ತೋರಿಸೋಕೆ ಮಾಡಿರೋದು. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಹಿಗ್ಗಿಸತ್ತೆ, 45 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ಎರಡರಷ್ಟು, 60 ಡಿಗ್ರಿಲಿ ನಾಲ್ಕರಷ್ಟು ಕಾಣತ್ತೆ. ಸಣ್ಣ ಪ್ರದೇಶಕ್ಕೆ ಯುಟಿಎಂ ಅನ್ನೋ ಮೀಟರ್ ಲೆಕ್ಕದ ಸಿಆರ್‌ಎಸ್ ಸಾಕು, ಭೂಮಿನ 6 ಡಿಗ್ರಿಯ 60 ಪಟ್ಟಿ ಮಾಡಿದಾರೆ, ನಿಮ್ಮ ಜಾಗ ಯಾವ ಪಟ್ಟಿಲಿದೆ ನೋಡ್ಕೊಂಡು ಅದನ್ನ ಹಾಕಿ.

ಇಷ್ಟೆಲ್ಲಾ ಆದ್ಮೇಲೆ ಪೆನ್ಸಿಲ್ ಐಕಾನ್ ಒತ್ತಿ ಬರಿಯೋಕೆ ಕೂತೆ. ನಿಜ ಹೇಳ್ಬೇಕಂದ್ರೆ ಮೊದಲ ಎರಡು ಮೂರು ದಿನ ತುಂಬಾ ಹಿತವಾಗಿತ್ತು. ಕ್ಲಿಕ್, ಕ್ಲಿಕ್, ಕ್ಲಿಕ್, ರೈಟ್ ಕ್ಲಿಕ್, ಒಂದು ಹೊಲ ಮುಗೀತು. ಬಣ್ಣ ತುಂಬ್ಕೊಂಡು ಬರ್ತಿದ್ದಾಗ ಮನಸ್ಸಿಗೆ ಏನೋ ಸಮಾಧಾನ. ತಪ್ಪು ಕ್ಲಿಕ್ ಆದ್ರೆ ಬ್ಯಾಕ್‌ಸ್ಪೇಸ್ ಒತ್ತಿದ್ರೆ ಕೊನೇ ವರ್ಟೆಕ್ಸ್ (ಕ್ಲಿಕ್ ಮಾಡಿದ ಬಿಂದು) ಮಾತ್ರ ಹೋಗತ್ತೆ, ಎಸ್ಕೇಪ್ ಒತ್ತಿದ್ರೆ ಬರೀತಿದ್ದ ಇಡೀ ತುಂಡೇ ಹೋಗತ್ತೆ, ಈ ವ್ಯತ್ಯಾಸನ ಬೆರಳಿಗೆ ಮೊದಲೇ ಕಲ್ಸಿ. ನಾನು ತುಂಬಾ ಜೂಮ್ ಮಾಡ್ಕೊಂಡು ಒಂದೊಂದು ತಿರುವಿಗೂ ಇಪ್ಪತ್ತು ವರ್ಟೆಕ್ಸ್ ಹಾಕ್ತಿದ್ದೆ, ನಿಖರವಾಗಿ ಮಾಡ್ತಿದೀನಿ ಅನ್ನೋ ನಂಬಿಕೆ. ಆದ್ರೆ 1:10,000 ನಕ್ಷೆಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆ ಅಂದ್ರೇನೇ ನೆಲದ ಮೇಲೆ 5 ಮೀಟರ್, ಆ ಗೆರೆಯ ಒಳಗೆ ಎಷ್ಟು ಸೂಕ್ಷ್ಮವಾಗಿ ಕ್ಲಿಕ್ ಮಾಡಿದ್ರೂ ಇಲ್ಲದ ನಿಖರತೆ ಎಲ್ಲಿಂದಾನೂ ಬರಲ್ಲ. ಒಂದು ಸ್ಕೇಲ್ ನಿಗದಿ ಮಾಡ್ಕೊಂಡು, ನಾನಾದ್ರೆ 1:2,500, ಕೊನೇ ತನಕ ಅದರಲ್ಲೇ ಬರೀರಿ.

ಮೂರನೇ ವಾರ ಒಂದು ಸಂಜೆ ಬ್ಯಾಟರಿ ಖಾಲಿಯಾಗಿ ಲ್ಯಾಪ್‌ಟಾಪ್ ಆಫ್ ಆಯ್ತು. ಎರಡೂವರೆ ಗಂಟೆಯ ಕೆಲ್ಸ ಹೋಯ್ತು. ನಾನು ಆಗಾಗ ಪ್ರಾಜೆಕ್ಟ್ ಸೇವ್ ಮಾಡ್ತಾನೇ ಇದ್ದೆ, ಕಂಟ್ರೋಲ್ ಎಸ್ ಒತ್ತಿ ಒತ್ತಿ, ಆದ್ರೆ ಪ್ರಾಜೆಕ್ಟ್ ಸೇವ್ ಬೇರೆ, ಲೇಯರ್ ಎಡಿಟ್ಸ್ ಸೇವ್ ಬೇರೆ. ಬರ್ದಿದ್ದೆಲ್ಲಾ ಸೇವ್ ಲೇಯರ್ ಎಡಿಟ್ಸ್ ಒತ್ತೋ ತನಕ ಮೆಮೊರಿಲೇ ಇರತ್ತೆ, ಡಿಸ್ಕಿಗೆ ಹೋಗಿರಲ್ಲ. ಪಕ್ಕದಲ್ಲಿ ಯಾರೂ ಇರ್ಲಿಲ್ಲ, ಸುಮ್ನೆ ಗೋಡೆ ನೋಡ್ತಾ ಕೂತಿದ್ದೆ, ಅಳು ಬರೋ ಹಂಗಾಗಿತ್ತು. ಅವತ್ತಿಂದ ಹತ್ತು ತುಂಡಿಗೊಂದ್ಸಲ ಆ ಐಕಾನ್ ಒತ್ತೋದು ರೂಢಿ ಮಾಡ್ಕೊಂಡೆ. ಸೇವ್ ಆದ್ಮೇಲೆ ಹಿಂದಿನದನ್ನ ಅನ್‌ಡೂ ಮಾಡೋಕಾಗಲ್ಲ, ಅದಕ್ಕೆ ಒತ್ತೋ ಮುಂಚೆ ಒಂದ್ಸಲ ಕಣ್ಣಾಡ್ಸಿ. ಟೆಂಪರರಿ ಸ್ಕ್ರ್ಯಾಚ್ ಲೇಯರ್ ಅಂತೂ ಸಾಫ್ಟ್‌ವೇರ್ ಮುಚ್ಚಿದ್ರೆ ಪೂರ್ತಿ ಹೋಗತ್ತೆ, ಲೇಯರ್ ಹೆಸರಿನ ಪಕ್ಕ ಚಿಪ್ ಥರ ಒಂದು ಗುರುತು ಇದ್ರೆ ಅದು ಟೆಂಪರರಿ ಅಂತ ಅರ್ಥ.

ನಾಲ್ಕನೇ ವಾರದ ಕೊನೆಗೆ 140 ತುಂಡು ಆಗಿತ್ತು. ಎಲ್ಲಾ ತುಂಡಿನ ವಿಸ್ತೀರ್ಣ ಕೂಡಿ ನೋಡಿದೆ, ಅಷ್ಟೂ ಭಾಗದ ಹೊರಗಡಿ ಒಂದೇ ಪಾಲಿಗನ್ ಮಾಡಿ ಅದರ ವಿಸ್ತೀರ್ಣನೂ ತೆಗ್ದೆ. ಎರಡೂ ಒಂದೇ ಬರ್ಬೇಕು ತಾನೆ? ಬರ್ಲಿಲ್ಲ. ವ್ಯತ್ಯಾಸ ತೀರಾ ದೊಡ್ಡದಲ್ಲ, ಆದ್ರೆ ಎಲ್ಲಿಂದ ಬಂತು ಅಂತ ಗೊತ್ತಾಗ್ತಿಲ್ಲ. ಈ ಕೆಲಸದಲ್ಲಿ ಪಳಗಿದ ಒಬ್ರು ಮೇಡಂ ಪರಿಚಯ ಇದ್ರು, ಅವ್ರಿಗೆ ಸ್ಕ್ರೀನ್ ಶೇರ್ ಮಾಡಿ ತೋರಿಸ್ದೆ.

"ಸಿಂಬಲ್ ಅಪಾಸಿಟಿ ಐವತ್ತಕ್ಕೆ ಇಳ್ಸಿ ನೋಡೋಣ" ಅಂದ್ರು, ಅಂದ್ರೆ ತುಂಡುಗಳ ಬಣ್ಣ ಅರ್ಧ ಪಾರದರ್ಶಕ ಮಾಡೋದು.

ಇಳ್ಸಿದೆ. ಎರಡು ತುಂಡು ಒಂದರ ಮೇಲೊಂದು ಹತ್ತಿರೋ ಕಡೆ ಕಪ್ಪು ಗೀರು, ಮಧ್ಯ ಸಂದಿ ಬಿಟ್ಟಿರೋ ಕಡೆ ಬಿಳಿ ಗೀರು. ಇಡೀ ನಕ್ಷೆ ತುಂಬಾ ಕೂದಲೆಳೆ ಹಂಗೆ.

"ನೀವು ಪಕ್ಕಪಕ್ಕದ ಹೊಲಕ್ಕೆ ಇರೋ ಒಂದೇ ಗಡಿನ ಎರಡು ಸಲ ಬರ್ದಿದೀರ. ಈ ಹೊಲಕ್ಕೊಂದ್ಸಲ, ಆ ಹೊಲಕ್ಕೊಂದ್ಸಲ. ಎರಡು ಸಲ ಬರ್ದ್ರೆ ಎರಡು ಗೆರೆ ಆಗ್ತವೆ, ಯಾರ ಕೈಯಲ್ಲೂ ಒಂದೇ ಕಡೆ ಬೀಳಲ್ಲ."

"ಸ್ನ್ಯಾಪಿಂಗ್ ಆನ್ ಮಾಡಿದ್ದೆ ಮೇಡಂ."

"ವರ್ಟೆಕ್ಸಿಗೆ ಮಾತ್ರ ಆನ್ ಇದೆ ನೋಡಿ, ಸೆಗ್ಮೆಂಟಿಗೆ ಇಲ್ಲ. ಟಾಲರೆನ್ಸ್ ಪಿಕ್ಸೆಲಲ್ಲಿದೆ, ಜೂಮ್ ಔಟ್ ಮಾಡಿ ಬರ್ದಿರೋ ಕಡೆ ಪಕ್ಕದ ಮೂಲೆಗೆ ಹೋಗಿ ಅಂಟ್ಕೊಂಡಿದೆ."

ಅದು ನಿಜ. ಸ್ನ್ಯಾಪಿಂಗ್ ಅಂದ್ರೆ ನಮ್ಮ ಕ್ಲಿಕ್ ಹತ್ತಿರದ ಬಿಂದು ಅಥವಾ ಗೆರೆಗೆ ತಾನೇ ಅಂಟ್ಕೊಳ್ಳೋದು, ಸೆಗ್ಮೆಂಟ್ ಅಂದ್ರೆ ಎರಡು ವರ್ಟೆಕ್ಸ್ ನಡುವಿನ ಗೆರೆ, ಟಾಲರೆನ್ಸ್ ಅಂದ್ರೆ ಎಷ್ಟು ದೂರದಿಂದ ಅಂಟ್ಕೋಬೇಕು ಅನ್ನೋದು, ನಂದು 12 ಪಿಕ್ಸೆಲ್ ಇತ್ತು. ಸಾಮಾನ್ಯ 96 ಡಿಪಿಐ ಮಾನಿಟರಲ್ಲಿ 1:10,000ಕ್ಕೆ ಜೂಮ್ ಔಟ್ ಮಾಡಿದ್ರೆ 12 ಪಿಕ್ಸೆಲ್ ಅಂದ್ರೆ ನೆಲದ ಮೇಲೆ 30 ಮೀಟರಿಗೂ ಜಾಸ್ತಿ. ಟಾಲರೆನ್ಸನ್ನ ಮೀಟರಿಗೆ ಬದಲಾಯಿಸ್ಕೋಬಹುದು, ಆ ಕಿಟಕಿಲೇ ಇದೆ.

ಸರಿ ಮಾಡೋಣ ಅಂತ ವರ್ಟೆಕ್ಸ್ ಟೂಲ್ ಹಿಡ್ಕೊಂಡು ಎರಡು ದಿನ ಒಂದೊಂದೇ ಎಳೆದು ಕೂರಿಸ್ದೆ. ಎರಡು ದಿನಕ್ಕೆ ಹದಿನೆಂಟು ಗಡಿ ಮುಗೀತು, ಇನ್ನೂ ಮುನ್ನೂರು ಚಿಲ್ಲರೆ ಬಾಕಿ. ಮೂರನೇ ದಿನ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿದೆ, ಅವ್ರು ಮೃದುವಾಗಿ, "ಮತ್ತೆ ಬರೀರಿ, ಇದಕ್ಕಿಂತ ಬೇಗ ಆಗತ್ತೆ" ಅಂದ್ರು. ಆ ಮಾತು ಒಪ್ಕೊಳ್ಳೋಕೆ ಒಂದು ಪೂರ್ತಿ ದಿನ ಬೇಕಾಯ್ತು. ವಾರಗಟ್ಲೆ ಬರ್ದಿದ್ದನ್ನ ಪಕ್ಕಕ್ಕಿಡೋದು ಅಂದ್ರೆ ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಆದ್ರೆ ಅವ್ರು ಹೇಳಿದ್ದೇ ಸರಿ, ಎರಡನೇ ಸುತ್ತಲ್ಲಿ ಪೂರ್ತಿ 236 ತುಂಡೂ ಹನ್ನೊಂದು ದಿನದಲ್ಲಿ ಮುಗೀತು.

ಎರಡನೇ ಸುತ್ತಿನ ವಿಧಾನ ಹೇಳ್ತೀನಿ, ಇದಕ್ಕೋಸ್ಕರನೇ ಇಷ್ಟೆಲ್ಲಾ ಬರ್ದಿದ್ದು. ತುಂಡು ತುಂಡಾಗಿ ಬರೀಬೇಡಿ. ಇಡೀ ಪ್ರದೇಶದ ಹೊರಗಡಿನ ಒಂದೇ ಒಂದು ಪಾಲಿಗನ್ ಆಗಿ ಬರೀರಿ, ಆಮೇಲೆ ಸ್ಪ್ಲಿಟ್ ಫೀಚರ್ಸ್ ಟೂಲ್ ತಗೊಂಡು ಸೀಳ್ತಾ ಹೋಗಿ, ಮೊದಲು ಹಳ್ಳ, ದೊಡ್ಡ ದಾರಿ, ಆಮೇಲೆ ಅದರೊಳಗಿನ ದೊಡ್ಡ ಭಾಗಗಳು, ಕೊನೆಗೆ ಹೊಲದ ಬದುಗಳು. ರೊಟ್ಟಿ ಮುರಿದ ಹಂಗೆ. ಒಂದು ಗಡಿ ಒಂದೇ ಸಲ ಬರಿಯೋದು, ಎರಡೂ ಕಡೆಯ ತುಂಡಿಗೂ ಅದೇ ಗೆರೆ, ಸಂದಿ ಬೀಳೋಕೆ ಜಾಗನೇ ಇರಲ್ಲ. ಹೊರಗೆ ಪಕ್ಕಕ್ಕೆ ಹೊಸ ತುಂಡು ಸೇರಿಸ್ಲೇಬೇಕಾದಾಗ ಅವಾಯ್ಡ್ ಓವರ್‌ಲ್ಯಾಪ್ ಅನ್ನೋದನ್ನ ಆನ್ ಇಟ್ಕೊಳ್ಳಿ, ಹೊಸ ಪಾಲಿಗನ್ನನ್ನ ಹಳೇದರ ಮೇಲೆ ಧಾರಾಳವಾಗಿ ಹತ್ತಿಸಿ ಬರ್ದ್ರೂ ಹತ್ತಿದ ಭಾಗನ ತಾನೇ ಕತ್ತರಿಸತ್ತೆ. ಟೋಪಾಲಜಿಕಲ್ ಎಡಿಟಿಂಗ್ ಆನ್ ಇದ್ರೆ ಇಬ್ಬರಿಗೂ ಸೇರಿದ ಮೂಲೆನ ಆಮೇಲೆ ಎಳೆದಾಗ ಎರಡೂ ತುಂಡು ಒಟ್ಟಿಗೇ ಸರಿಯತ್ತೆ. ಗೆರೆಗಳನ್ನೇ ಲೈನ್ ಲೇಯರಲ್ಲಿ ಪೂರ್ತಿ ಬರ್ದು ಕೊನೆಗೆ ಗೆರೆ ಸುತ್ತುವರಿದ ಜಾಗನೆಲ್ಲಾ ಪಾಲಿಗನ್ ಮಾಡೋ ಪಾಲಿಗನೈಸ್ ಟೂಲ್ ಓಡಿಸೋರೂ ಇದಾರೆ, ಅದೂ ಒಳ್ಳೇ ದಾರಿನೇ, ನನಗೆ ಸೀಳೋದು ಕೈಗೆ ಹತ್ತಿತು.

ಸೀಳುವಾಗ ನಾನು ಎಡವಿದ್ದು ಎಲ್ಲೆಲ್ಲಿ ಅಂದ್ರೆ, ಸೀಳೋ ಗೆರೆ ತುಂಡನ್ನ ಪೂರ್ತಿ ದಾಟ್ಬೇಕು, ಅಂಚಿಗಿಂತ ಸ್ವಲ್ಪ ಹೊರಗಿಂದ ಶುರುವಾಗಿ ಹೊರಗೇ ಮುಗೀಬೇಕು, ಒಳಗೇ ನಿಂತ್ರೆ ಏನೂ ಸೀಳಲ್ಲ. ಹಾಗಂತ ಉದ್ದಕ್ಕೆ ಎಳೆದ್ರೆ ಪಕ್ಕದ ತುಂಡೂ ಸೀಳ್ಹೋಗತ್ತೆ. ಯಾವ ತುಂಡು ಸೀಳ್ಬೇಕೋ ಅದನ್ನ ಮೊದಲು ಸೆಲೆಕ್ಟ್ ಮಾಡ್ಕೊಂಡ್ರೆ ಅದೊಂದೇ ಸೀಳತ್ತೆ, ಇದು ಗೊತ್ತಾಗೋ ತನಕ ಎಷ್ಟು ಕಂಟ್ರೋಲ್ ಜೆಡ್ ಒತ್ತಿದೀನೋ. ತಪ್ಪಾಗಿ ಸೀಳಿದ್ದನ್ನ ತುಂಬಾ ತಡವಾಗಿ ನೋಡಿದ್ರೆ ಎರಡನ್ನೂ ಸೆಲೆಕ್ಟ್ ಮಾಡಿ ಮರ್ಜ್ ಮಾಡಬಹುದು, ಯಾವ ತುಂಡಿನ ವಿವರ ಉಳೀಬೇಕು ಅಂತ ಅದೇ ಕೇಳತ್ತೆ. ಹೊಲದ ನಡುವೆ ಕೆರೆ ಇದ್ರೆ ಆಡ್ ರಿಂಗ್ ಬರೀ ತೂತು ಮಾಡತ್ತೆ, ಫಿಲ್ ರಿಂಗ್ ತೂತೂ ಮಾಡಿ ಅದರೊಳಗೆ ಕೆರೆ ಪಾಲಿಗನ್ನೂ ಒಟ್ಟಿಗೇ ಕೂರಿಸತ್ತೆ. ನನಗೆ ಬೇಕಿದ್ದಿದ್ದು ಎರಡನೇದು, ಮೊದಲ ಐದು ಕೆರೆಗೆ ಮೊದಲನೇದು ಮಾಡಿಟ್ಟಿದ್ದೆ.

ಆಟ್ರಿಬ್ಯೂಟ್ ಟೇಬಲಲ್ಲಿ, ಅಂದ್ರೆ ಒಂದೊಂದು ತುಂಡಿನ ವಿವರ ಇರೋ ಪಟ್ಟಿಲಿ, ಒಂದು ದೊಡ್ಡ ಅಪಾಯ ಇದೆ. ಒಂದು ತುಂಡು ಸೀಳಿದಾಗ ಎರಡಕ್ಕೂ ಹಳೇ ವಿವರನೇ ಬರತ್ತೆ, ಅದೇ ತುಂಡು ಸಂಖ್ಯೆ, ಅದೇ ವಿಸ್ತೀರ್ಣ. ವಿಸ್ತೀರ್ಣದ ಕಾಲಮ್ ತನ್ನಷ್ಟಕ್ಕೆ ತಾನು ಬದಲಾಗಲ್ಲ. ಅರ್ಧ ಆದ ಹೊಲನೂ ಪೂರ್ತಿ ಹೊಲದ ಅಂಕಿನೇ ತೋರಿಸ್ತಾ ಇರತ್ತೆ, ಯಾವ ಎಚ್ಚರಿಕೆನೂ ಬರಲ್ಲ. ಅದಕ್ಕೇ ಎಲ್ಲಾ ಎಡಿಟಿಂಗ್ ಮುಗಿದ್ಮೇಲೆ ಕೊನೇಲಿ ಫೀಲ್ಡ್ ಕ್ಯಾಲ್ಕುಲೇಟರಲ್ಲಿ ಒಂದೇ ಸಲ ಇಡೀ ಕಾಲಮ್ ಹೊಸದಾಗಿ ಲೆಕ್ಕ ಹಾಕಿ, ತುಂಡು ಸಂಖ್ಯೆನೂ ಆಗ್ಲೇ ಕೊಡಿ. ಭೂಬಳಕೆ ಕಾಲಮಿಗೆ ಕೈಯಲ್ಲಿ ಟೈಪ್ ಮಾಡ್ಬೇಡಿ, ವ್ಯಾಲ್ಯೂ ಮ್ಯಾಪ್ ಹಾಕಿ ಡ್ರಾಪ್‌ಡೌನ್ ಮಾಡ್ಕೊಳ್ಳಿ. ನಾನು ಟೈಪ್ ಮಾಡಿದ್ದ ಕಡೆ ತೋಪು ಅನ್ನೋದೇ ಮೂರು ಥರ ಆಗಿ, ಒಂದರ ಕೊನೇಲಿ ಕಣ್ಣಿಗೆ ಕಾಣದ ಸ್ಪೇಸ್ ಸೇರ್ಕೊಂಡು, ನಕ್ಷೆಲಿ ಮೂರು ಬಣ್ಣ ಬಂತು.

ಬಾವಿಗಳದ್ದು ಬೇಗ ಆಯ್ತು, ಫೋನಲ್ಲಿ ಗುರುತು ಹಾಕಿದ ಜಿಪಿಎಕ್ಸ್ ಫೈಲ್ ಎಳೆದು ಹಾಕಿದೆ ಅಷ್ಟೇ. ಬಯಲಲ್ಲೇ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಅತ್ತಿತ್ತ ತೋರಿಸತ್ತೆ, ಮರದ ಕೆಳಗೆ ಇನ್ನೂ ಜಾಸ್ತಿ, ಹಾಗಾಗಿ ಎರಡು ಬಾವಿ ಕೆರೆ ಒಳಗೆ ಬಿದ್ದಿದ್ವು, ಉಪಗ್ರಹ ಚಿತ್ರ ನೋಡಿ ದಡಕ್ಕೆ ಸರಿಸಿ, ಸರಿಸಿದೀನಿ ಅಂತ ಷರಾ ಕಾಲಮಲ್ಲಿ ಬರ್ದೆ.

ಏಳನೇ ವಾರ ಪರೀಕ್ಷೆ. ಚೆಕ್ ವ್ಯಾಲಿಡಿಟಿ ಓಡಿಸ್ದೆ, 4 ಎರರ್ ಬಂತು, ನಾಲ್ಕೂ ಸೆಲ್ಫ್ ಇಂಟರ್‌ಸೆಕ್ಷನ್, ಅಂದ್ರೆ ಗಡಿ ತನ್ನನ್ನೇ ತಾನು ದಾಟಿ ಎಂಟರ ಆಕಾರ ಆಗಿರೋದು. ಫಿಕ್ಸ್ ಜಿಯೋಮೆಟ್ರೀಸ್ ಇದನ್ನ ಸರಿ ಮಾಡತ್ತೆ, ಆದ್ರೆ ಆ ಎಂಟನ್ನ ಎರಡು ಭಾಗದ ಒಂದು ತುಂಡು ಮಾಡಿ ಬಿಡತ್ತೆ, ನಮ್ಮ ಉದ್ದೇಶ ಅದಲ್ಲ. ನಾಲ್ಕೇ ಇದ್ದಿದ್ದರಿಂದ ಕೈಯಲ್ಲೇ ವರ್ಟೆಕ್ಸ್ ಸರಿಸ್ದೆ. ಟೋಪಾಲಜಿ ಚೆಕರಲ್ಲಿ ಒಂದರ ಮೇಲೊಂದು ಇರಬಾರದು, ಸಂದಿ ಇರಬಾರದು ಅನ್ನೋ ಎರಡು ನಿಯಮ ಹಾಕಿ ಓಡಿಸ್ದೆ. ಆ ಕೆಲವು ಸೆಕೆಂಡು ಕಾಯೋವಾಗ ಎದೆ ಹೊಡ್ಕೋತಿತ್ತು. ಏನೂ ಬರ್ಲಿಲ್ಲ. ಒಟ್ಟು ವಿಸ್ತೀರ್ಣ ಹೊರಗಡಿಯ ವಿಸ್ತೀರ್ಣಕ್ಕೆ ಹೊಂದ್ತು. ನಾನು ಎದ್ದು ಮೇಡಂಗೆ ಫೋನ್ ಮಾಡಿದೆ, ಅವ್ರೂ ಖುಷಿ ಪಟ್ರು.

ಮುಗೀತು ಅನ್ಕೊಂಡ್ರೆ ಕಳಿಸೋದ್ರಲ್ಲಿ ಇನ್ನೂ ಮೂರು ದಿನ ಹೋಯ್ತು. ಮೊದಲು ಪ್ರಾಜೆಕ್ಟ್ ಫೈಲ್ ಒಂದೇ ಕಳ್ಸಿದೆ, ಕೆಲ್ಸ ಕೊಟ್ಟವ್ರಿಗೆ ಒಂದು ಲೇಯರೂ ತೆರೀಲಿಲ್ಲ, ಯಾಕಂದ್ರೆ ಅದರಲ್ಲಿ ಡೇಟಾ ಇರಲ್ಲ, ಡೇಟಾ ಎಲ್ಲಿದೆ ಅನ್ನೋ ವಿಳಾಸ ಮತ್ತು ಬಣ್ಣಗಳ ಸೆಟ್ಟಿಂಗ್ ಮಾತ್ರ ಇರತ್ತೆ. ಆಮೇಲೆ ಡೇಟಾ ಇರೋ ಜಿಯೋಪ್ಯಾಕೇಜ್ ಫೈಲ್ ಕಳ್ಸಿದೆ, ಅದರಲ್ಲಿ ಅವತ್ತು ಬೆಳಿಗ್ಗೆ ಮಾಡಿದ ತಿದ್ದುಪಡಿ ಇಲ್ಲ ಅಂದ್ರು. ಸಾಫ್ಟ್‌ವೇರ್ ತೆರೆದೇ ಇಟ್ಟು ಫೈಲ್ ಕಾಪಿ ಮಾಡಿದ್ದೆ, ಆಗ ಹೊಸ ಬದಲಾವಣೆ ಪಕ್ಕದಲ್ಲಿ ಹುಟ್ಟೋ ಡಬ್ಲ್ಯೂಎಎಲ್ ಅನ್ನೋ ಫೈಲಲ್ಲಿ ಕೂತಿರಬಹುದು, ಎಲ್ಲಾ ಮುಚ್ಚಿ ಆಮೇಲೆ ಕಾಪಿ ಮಾಡ್ಬೇಕು. ಕೊನೆಗೆ ಅವ್ರು ಶೇಪ್‌ಫೈಲ್ ಅನ್ನೋ ಹಳೇ ಫಾರ್ಮ್ಯಾಟಲ್ಲಿ ಕೊಡಿ ಅಂದ್ರು. ಅದು ಒಂದು ಫೈಲಲ್ಲ, ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್ ಮೂರು ಇರ್ಲೇಬೇಕು, ಸಿಆರ್‌ಎಸ್ ಹೇಳೋ ಪಿಆರ್‌ಜೆ ಮತ್ತು ಅಕ್ಷರದ ಎನ್‌ಕೋಡಿಂಗ್ ಹೇಳೋ ಸಿಪಿಜಿನೂ ಜೊತೆಗಿಡಿ, ಇಲ್ಲಾಂದ್ರೆ ಕನ್ನಡ ಎಲ್ಲಾ ಚಿತ್ರವಿಚಿತ್ರ ಗುರುತಾಗಿ ಕಾಣತ್ತೆ. ಕಾಲಮ್ ಹೆಸರಿಗೆ ಶೇಪ್‌ಫೈಲಲ್ಲಿ 10 ಬೈಟ್ ಮಾತ್ರ ಜಾಗ. ಯುಟಿಎಫ್-8 ಅನ್ನೋ ಎನ್‌ಕೋಡಿಂಗಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ 3 ಬೈಟ್ ಬೇಕು. ಹಾಗಾಗಿ ನನ್ನ "ಭೂಬಳಕೆ" ಹೋಗಿ "ಭೂಬ" ಆಯ್ತು. ಕನ್ನಡದಲ್ಲಿ ಹೆಸರು ಇಡೋರು ಜಿಯೋಪ್ಯಾಕೇಜಲ್ಲೇ ಕೆಲ್ಸ ಮಾಡಿ, ಶೇಪ್‌ಫೈಲ್ ಕೇಳಿದ್ರೆ ಕಾಲಮಿಗೆ ಚಿಕ್ಕ ಇಂಗ್ಲಿಷ್ ಹೆಸರು ಕೊಟ್ಟು ಒಂದು ಪ್ರತಿ ಮಾಡಿ, ಯಾವ ಹೆಸರಿಗೆ ಏನು ಅರ್ಥ ಅಂತ ಒಂದು ಹಾಳೆ ಜೊತೆಗೆ ಕಳ್ಸಿ.

ಇವತ್ತು ಬೆಳಿಗ್ಗೆ ಉತ್ತರ ಬಂತು, ಎಲ್ಲಾ ತೆರೀತು, ಮೊತ್ತ ಹೊಂದ್ತಿದೆ ಅಂತ. ಪಕ್ಕದ ಹಾಳೆ ಸ್ಕ್ಯಾನಿಗೆ ಹೋಗಿದೆಯಂತೆ, ಅದನ್ನೂ ಮಾಡ್ತೀರಾ ಅಂತ ಕೇಳಿದಾರೆ. ಎರಡು ಹಾಳೆ ಸೇರೋ ಅಂಚಿನ ಗೆರೆ ಈಗಾಗ್ಲೇ ನನ್ನ ಫೈಲಲ್ಲಿದೆ, ಅದನ್ನ ಇನ್ನೊಂದ್ಸಲ ಬರಿಯಲ್ಲ, ಅಲ್ಲಿಂದ್ಲೇ ಶುರು ಮಾಡ್ತೀನಿ.